ಹಲಗೆಯ ಹೆಸರು, ಕಲ್ಲಿನ ಲೆಕ್ಕ

ಮಕ್ಕಳೇ, ಮಣಿಚೌಕಟ್ಟನ್ನು ನೀವು ನೋಡಿದ್ದೀರಲ್ಲವೇ? ತಂತಿಯಲ್ಲಿ ಪೋಣಿಸಿದ ಮಣಿಗಳನ್ನು ಸರಿಸಿ ಬಿಡಿ, ಹತ್ತು, ನೂರು ಎಂದು ಎಣಿಸುತ್ತೇವೆ. ಅದಕ್ಕೆ ಅಬಾಕಸ್ ಎಂಬ ಹೆಸರೂ ಇದೆ.

ಯುರೋಪಿನ ನೈಋತ್ಯ ಮೂಲೆಯಲ್ಲಿ ಸ್ಪೇನ್, ಪೋರ್ಚುಗಲ್ ಎಂಬ ದೇಶಗಳಿವೆ. ಅಬಾಕಸ್ಸನ್ನು ಸ್ಪ್ಯಾನಿಷ್ ಭಾಷೆಯಲ್ಲಿ ‘ಆಬಕೊ’, ಪೋರ್ಚುಗೀಸಿನಲ್ಲಿ ‘ಆಬಕು’, ಸ್ಪೇನಿನ ಇನ್ನೊಂದು ಭಾಷೆಯಾದ ಕತಲಾನ್‌ನಲ್ಲಿ ‘ಆಬಕ್’ ಎನ್ನುತ್ತಾರೆ. ಒಂದೇ ಬಳ್ಳಿಯ ಕಾಯಿಗಳಂತಿವೆ, ಅಲ್ಲವೇ? ಈ ಮೂರು ಭಾಷೆಗಳೂ ಹಳೆಯ ರೋಮನರ ಲ್ಯಾಟಿನ್ ಭಾಷೆಯಿಂದ ಹುಟ್ಟಿದವು. ಲ್ಯಾಟಿನ್‌ಗೆ ಈ ಪದ ಗ್ರೀಕ್ ಭಾಷೆಯಿಂದ ಬಂತು. ಗ್ರೀಕರ ‘ಅಬಕ್ಸ್’ ಎಂದರೆ ಬರಿಯ ಹಲಗೆ! ತಂತಿಯೂ ಇಲ್ಲ, ಮಣಿಯೂ ಇಲ್ಲ. ಹಲಗೆಯ ಮೇಲೆ ಗೆರೆ ಎಳೆದು, ಸಣ್ಣ ಕಲ್ಲುಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ಗ್ರೀಸಿನ ಸಲಾಮಿಸ್ ದ್ವೀಪದಲ್ಲಿ 1846ರಲ್ಲಿ ಅಂತಹ ಅಮೃತಶಿಲೆಯ ಹಲಗೆಯೊಂದು ಸಿಕ್ಕಿತು. ಅದು ಸುಮಾರು ಒಂದೂವರೆ ಮೀಟರ್ ಉದ್ದವಿದೆ.

‘ಆಬಕೊ’ ಪದ ಆ ಹಲಗೆಯನ್ನು ಇನ್ನೂ ಮರೆತಿಲ್ಲ. ಕಂಬದ ತುದಿಯಲ್ಲಿ, ತೊಲೆಯ ಕೆಳಗೆ ಇರುವ ಚಪ್ಪಟೆ ಕಲ್ಲಿಗೂ ಸ್ಪೇನಿನಲ್ಲಿ ಅದೇ ಹೆಸರು.

ಲೆಕ್ಕದ ಕಲ್ಲುಗಳ ಕಥೆ ಇನ್ನೂ ತಮಾಷೆಯದು. ಲ್ಯಾಟಿನ್‌ನಲ್ಲಿ ಸಣ್ಣ ಕಲ್ಲಿಗೆ ‘ಕಾಲ್ಕುಲುಸ್’ ಎಂದು ಹೆಸರು. ಅದರಿಂದ ಸ್ಪ್ಯಾನಿಷಿನ ‘ಕಾಲ್ಕುಲೊ’ ಬಂತು, ಅಂದರೆ ಲೆಕ್ಕ. ಆದರೆ ಅಲ್ಲಿನ ವೈದ್ಯರು “ನಿಮ್ಮ ಮೂತ್ರಪಿಂಡದಲ್ಲಿ ಕಾಲ್ಕುಲೊ ಇದೆ” ಎಂದರೆ ಹೊಟ್ಟೆಯೊಳಗೆ ಯಾರೋ ಲೆಕ್ಕ ಮಾಡುತ್ತಿದ್ದಾರೆಂದಲ್ಲ! ಅಲ್ಲಿರುವುದು ನಿಜವಾಗಿಯೂ ಕಲ್ಲು. ಅಂಗಡಿಯಲ್ಲಿ ನೀವು ನೋಡುವ ಕ್ಯಾಲ್ಕುಲೇಟರಿನ ಹೆಸರೂ ಅದೇ ಕಲ್ಲಿನಿಂದ ಬಂದದ್ದು.

ಮಾಡಿ ನೋಡಿ: ನೆಲದ ಮೇಲೆ ಮೂರು ಗೆರೆ ಎಳೆಯಿರಿ. ಅವು ನೂರು, ಹತ್ತು, ಬಿಡಿ. ಹುಣಸೆ ಬೀಜಗಳನ್ನಿಟ್ಟು 243 ತೋರಿಸಿ. ಅದಕ್ಕೆ 38 ಕೂಡಿಸಿದರೆ ಯಾವ ಗೆರೆಯಲ್ಲಿ ಎಷ್ಟು ಬೀಜಗಳಿರುತ್ತವೆ?