ಉಳಿದ ಕೈಯಿಂದಲೇ ಶುರು ಮಾಡು, ತಮ್ಮಾ

ತಮ್ಮಾ, ಲಕ್ವ ಹೊಡೆದು ನೀನು ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಅಟ್ಟೂರು ಬಡಾವಣೆಯ ಅರ್ಧ ಜನ ನಿನ್ನನ್ನು ನೋಡಿಕೊಂಡು ಹೋಗಿದ್ದಾರೆ. ಒಬ್ಬರು ಪಾರಿವಾಳದ ರಕ್ತ ಸವರು ಅಂದರಂತೆ. ಇನ್ನೊಬ್ಬರು ಇಂಗ್ಲಿಷ್ ಮಾತ್ರೆ ಬಿಟ್ಟು ನಾಟಿ ಔಷಧಿಗೆ ಹೋಗು ಅಂದರಂತೆ. ಎರಡೂ ಬೇಡ. ಬಿದ್ದಿರುವುದು ಕೈಕಾಲಾದರೂ ಏಟು ತಿಂದಿರುವುದು ಮಿದುಳು. ಎಡ ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದ್ದರಿಂದ ನಿನ್ನ ಬಲಭಾಗ ಸೋತಿದೆ, ಮಾತು ತಡವರಿಸುತ್ತಿದೆ. ಚರ್ಮಕ್ಕೆ ಏನು ಸವರಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಬಿ.ಪಿ. ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬೇಡ. ಎರಡನೆಯ ಏಟು ಬರದಂತೆ ಕಾಯುತ್ತಿರುವುದು ಅದೇ.

ನೀನು ನನ್ನನ್ನು ಕೇಳಿದ್ದು ಒಂದೇ ಮಾತು: "ದೊಡ್ಡಪ್ಪಾ, ನಾನು ಮೊದಲಿನ ಹಾಗೆ ಆಗ್ತೀನಾ?" ಇದಕ್ಕೆ ಖಚಿತವಾದ ಉತ್ತರ ಡಾಕ್ಟರೂ ಕೊಡಲಾರರು. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಬೇಗ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತುಹೋಗುವುದಿಲ್ಲ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮವನ್ನು ಬೇಸರವಾದರೂ ನೂರಾರು ಸಲ ಮಾಡಬೇಕು. ಸತ್ತ ಜೀವಕೋಶಗಳ ಕೆಲಸವನ್ನು ಬದುಕಿರುವ ಕೋಶಗಳು ಕಲಿಯುವುದು ಹಾಗೆಯೇ. ಇಷ್ಟೆಲ್ಲ ಮಾಡಿಯೂ ಕೈ ಪೂರ್ತಿ ಬರದೇ ಇರಬಹುದು. ಅದು ಬರಲಿ, ಆಮೇಲೆ ಬದುಕು ಶುರು ಮಾಡೋಣ ಅಂತ ಕೂತೆಯೋ, ಆಗ ನಿಜವಾಗಿ ಕಳೆದುಕೊಳ್ಳುತ್ತೀಯೆ.

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನು ನೆನೆಸಿಕೊ. ಯುವಕನಾಗಿದ್ದಾಗ 'ಕೊರವಂಜಿ' ಹಾಸ್ಯಪತ್ರಿಕೆಗೆ ಚಿತ್ರ ಬರೆದವರು, ಮುಂದೆ ದೇಶಕ್ಕೆಲ್ಲ 'ಶ್ರೀಸಾಮಾನ್ಯ'ನನ್ನು ಕೊಟ್ಟವರು. 2003ರಲ್ಲಿ ಅವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದಾಗ ವಯಸ್ಸು 80 ದಾಟಿತ್ತು. ಸಾಕು ಅಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಬಲಗೈ ಉಳಿದಿತ್ತು, ಅವರು ಮತ್ತೆ ಬರೆದರು.

ನಿನ್ನದು ಬಲಗೈಯೇ ಹೋಗಿದೆಯಲ್ಲ ಅನ್ನುತ್ತೀಯ. ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್ ಅವರಿಗೂ ಹಾಗೇ ಆಯಿತು. 1990ರಲ್ಲಿ ಬಲಭಾಗ ಬಿತ್ತು, ಮಾತು ಬಹುತೇಕ ನಿಂತೇಹೋಯಿತು. ಕವಿಗೆ ಮಾತೇ ಹೋಗುವುದೆಂದರೆ ಯೋಚಿಸು. ಅವರು ಪಿಯಾನೋ ನುಡಿಸುತ್ತಿದ್ದರು. ಒಂದೇ ಎಡಗೈಯಲ್ಲಿ ನುಡಿಸುವುದನ್ನು ಮುಂದುವರಿಸಿದರು, ಅವರಿಗಾಗಿಯೇ ಸಂಗೀತಗಾರರು ಎಡಗೈಯ ಕೃತಿಗಳನ್ನು ರಚಿಸಿಕೊಟ್ಟರು. ಲಕ್ವದ ನಂತರವೂ ಕವನ ಸಂಕಲನಗಳು ಬಂದವು. 2011ರಲ್ಲಿ ನೊಬೆಲ್ ಬಂತು.

ಆದರೆ ನಿನ್ನ ವೈರಿಂಗ್ ಕಸುಬಿಗೆ ಹೆಚ್ಚು ಹತ್ತಿರದವನು ವಿಜ್ಞಾನಿ ಲೂಯಿ ಪ್ಯಾಶ್ಚರ್. 1868ರಲ್ಲಿ, 45ನೇ ವಯಸ್ಸಿಗೆ, ಅವನ ಎಡಭಾಗ ಬಿತ್ತು. ನಡಿಗೆಯ ಕುಂಟು, ಕೈಯ ಬಿಗಿತ ಸಾಯುವವರೆಗೂ ಹೋಗಲಿಲ್ಲ. ಆಂಥ್ರಾಕ್ಸ್ ಲಸಿಕೆಯ ಪ್ರಯೋಗ ನಡೆದದ್ದು 1881ರಲ್ಲಿ, ಹುಚ್ಚುನಾಯಿ ಕಡಿದ ಹುಡುಗನಿಗೆ ಲಸಿಕೆ ಹಾಕಿಸಿದ್ದು 1885ರಲ್ಲಿ. ಎರಡೂ ಲಕ್ವದ ಮೇಲೆ ಆದ ಕೆಲಸ! ತನ್ನ ಕೈ ಮೊದಲಿನಂತೆ ನಡೆಯದಾಗ ಪ್ರಯೋಗಶಾಲೆಯ ಸಹಾಯಕರ ಕೈಗಳಿಂದ ಮಾಡಿಸಿದ. ಯೋಚನೆ ಅವನದು, ಕಣ್ಣು ಅವನದು. ಇಲ್ಲೇ ನಮ್ಮ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ ದನಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ ತಯಾರಾಗುತ್ತದಲ್ಲ, ಆ ವಿದ್ಯೆಯ ಬೇರು ಆ ಕುಂಟುತ್ತಿದ್ದ ಮನುಷ್ಯನಲ್ಲಿದೆ.

ನೀನೂ ಹಾಗೇ ಮಾಡಿಸು. ಇನ್ನು ಏಣಿ ಹತ್ತಿ ವೈರಿಂಗ್ ಮಾಡುವುದು ಬೇಡ. ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದಾರೆ. ಯಾವ ಲೋಡಿಗೆ ಯಾವ ತಂತಿ, ಎಲ್ಲಿ ಅರ್ಥಿಂಗ್ ಎಂಬುದು ನಿನ್ನ ತಲೆಯಲ್ಲಿದೆ, ಅವರಿಗೆ ಗೊತ್ತಿಲ್ಲ. ಮಾತು ತಡವರಿಸಿದರೆ ಎಡಗೈಯಲ್ಲಿ ಗೆರೆ ಎಳೆದು ತೋರಿಸು. ಅಕ್ಷರ ಸೊಟ್ಟಗಿದ್ದರೂ ಲೆಕ್ಕ ನೀನೇ ಬರೆ.

ನಮ್ಮ ಮನೆಯವಳಿಗೆ ಎಡಗೈ ಬಿದ್ದಾಗ ಮೊದಮೊದಲು ನಾವೇ ಎಲ್ಲ ಮಾಡಿಕೊಡುತ್ತಿದ್ದೆವು. ಅವಳು ದಿನದಿನಕ್ಕೆ ಮಂಕಾದಳು. ಹಲಗೆಗೆ ಎರಡು ಸ್ಟೀಲ್ ಮೊಳೆ ಹೊಡೆದುಕೊಟ್ಟೆ. ಸೌತೆಕಾಯಿಯನ್ನು ಮೊಳೆಗೆ ಚುಚ್ಚಿ ನಿಲ್ಲಿಸಿ ಒಂದೇ ಕೈಯಲ್ಲಿ ಹೆಚ್ಚತೊಡಗಿದಳು. ಅಂದಿನಿಂದ ಅಡುಗೆಮನೆ ಮತ್ತೆ ಅವಳದಾಯಿತು. ಅದಕ್ಕೇ ನಿನ್ನ ಹೆಂಡತಿಗೂ ಒಂದು ಮಾತು: ತುತ್ತು ಬಾಯಿಗಿಡಬೇಡಮ್ಮ. ಹೊತ್ತಾದರೂ ಅವನೇ ಎಡಗೈಯಲ್ಲಿ ಉಣ್ಣಲಿ, ಅವನೇ ಗುಂಡಿ ಹಾಕಿಕೊಳ್ಳಲಿ. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬೇಡ, ಭುಜದ ಕೀಲು ಜಾರುತ್ತದೆ. ನೀರು ಕುಡಿಯುವಾಗ ಕೆಮ್ಮಿದರೆ ಸುಮ್ಮನಿರದೆ ಡಾಕ್ಟರಿಗೆ ಹೇಳು. ಅವನು ಕಾರಣವಿಲ್ಲದೆ ಅತ್ತರೆ, ಯಾರನ್ನೂ ನೋಡಲೊಲ್ಲೆ ಅಂದರೆ ಅದನ್ನು ಹಟ ಅಂದುಕೊಳ್ಳಬೇಡ. ಲಕ್ವದ ಬೆನ್ನಿಗೆ ಖಿನ್ನತೆ ಎಷ್ಟೋ ಜನರಿಗೆ ಬರುತ್ತದೆ, ಅದಕ್ಕೂ ಔಷಧಿಯಿದೆ.

ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಲು ನಾಚಿಕೆ ಪಡಬೇಡ, ತಮ್ಮಾ. 2016ರ ಕಾಯ್ದೆಯಲ್ಲಿ 40 ಪ್ರತಿಶತ ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ ಹಕ್ಕುಗಳಿವೆ. ಅದು ಭಿಕ್ಷೆಯಲ್ಲ.

ಡಾಕ್ಟರು ಕೂರಬಹುದು ಅಂದಿದ್ದಾರೆ. ಹಾಗಾದರೆ ಸೋಮವಾರ ಅಂಗಡಿ ಬಾಗಿಲು ತೆಗೆಸು. ಮೊದಲ ವಾರ ಒಂದೊಂದು ಗಂಟೆ ಕೂತರೆ ಸಾಕು. ನಾನೂ ಬರುತ್ತೇನೆ.