ಇಂದಿನ ಧಮ್ಮ ಚಿಂತನೆ: ಪ್ರವಾಹ ದಾಟುವ ಬಗೆ





ಸಂಯುತ್ತ ನಿಕಾಯದ ಮೊಟ್ಟಮೊದಲ ಸುತ್ತ ಬಹಳ ಚಿಕ್ಕದು. ಅದರ ಹೆಸರು *ಓಘತರಣ ಸುತ್ತ*. ಓಘ ಎಂದರೆ ಪ್ರವಾಹ, ತರಣ ಎಂದರೆ ದಾಟುವುದು. ಭಗವಾನರು ಜೇತವನದಲ್ಲಿದ್ದಾಗ ಒಬ್ಬ ದೇವತೆ ಬಂದು, ನೀವು ಪ್ರವಾಹವನ್ನು ಹೇಗೆ ದಾಟಿದಿರಿ ಎಂದು ಕೇಳುತ್ತಾನೆ. ದೇವತೆಯನ್ನು ಕಥೆ ಹೇಳುವ ರೀತಿ ಎಂದು ತೆಗೆದುಕೊಳ್ಳೋಣ, ನಮಗೆ ಬೇಕಾದದ್ದು ಪ್ರಶ್ನೆ. ಬುದ್ಧರ ಉತ್ತರದ ಸಾರ ಇಷ್ಟು: ಎಲ್ಲೂ ನಿಲ್ಲದೆ, ಹೆಣಗಾಡದೆ ದಾಟಿದೆ. ನಿಂತಾಗ ಮುಳುಗುತ್ತಿದ್ದೆ, ಹೆಣಗಿದಾಗ ಕೊಚ್ಚಿಹೋಗುತ್ತಿದ್ದೆ.

ಈ ಸುತ್ತವನ್ನು ಎಷ್ಟೋ ಸಲ ಓದಿದ್ದೆ. ಅರ್ಥವಾದದ್ದು ಮಾತ್ರ ಕಳೆದ ಮಳೆಗಾಲದಲ್ಲಿ, ದಕ್ಷಿಣ ಕೊಡಗಿನ ಬರಪೊಳೆ ಹೊಳೆಯ ದಡದಲ್ಲಿ.

ನನ್ನ ಅಕ್ಕನ ಮಗ ಅಲ್ಲಿ ಕಯಾಕಿಂಗ್ ಕಲಿತು, ರಾಫ್ಟಿಂಗ್‌ಗೆ ಬರುವವರ ರಕ್ಷಣೆಯ ಕೆಲಸಕ್ಕೆ ಸೇರಿದ್ದ. ಅಕ್ಕನಿಗೆ ನಿದ್ದೆ ಇಲ್ಲ. "ನಮ್ಮನೇಲಿ ನೀರು ಒಬ್ಬುನ್ನ ತಗಂಡದೆ, ಸಾಕು. ನೀನೋಗಿ ಅವನ್ನ ಕರ್ಕಂಡ್ ಬಾ" ಎಂದು ನನ್ನನ್ನು ಕಳಿಸಿದಳು.

ನೀರು ತೆಗೆದುಕೊಂಡದ್ದು ನಮ್ಮ ಅಣ್ಣನನ್ನು. ನಮ್ಮೂರಿನಲ್ಲಿ ಮೆಟ್ಟಿಲಿದ್ದ ಕಲ್ಯಾಣಿ ಇತ್ತು. ಊರಿನ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ದೊಡ್ಡವರ ಕಣ್ಣೆದುರಿಗೇ ಅಲ್ಲಿ ಈಜು ಕಲಿಯುತ್ತಿದ್ದರು. ನಮ್ಮ ಕೇರಿಯ ಮಕ್ಕಳು ಅದಕ್ಕೆ ಇಳಿಯುವಂತಿರಲಿಲ್ಲ. ನಮಗೆ ಉಳಿದಿದ್ದು ಊರಾಚೆಯ ಕಲ್ಲು ಕ್ವಾರಿಯ ಗುಂಡಿ. ಮೆಟ್ಟಿಲಿಲ್ಲ, ಆಳ ಗೊತ್ತಿಲ್ಲ, ನೋಡಿಕೊಳ್ಳುವವರಿಲ್ಲ. 13ನೇ ವಯಸ್ಸಿಗೆ ಅಣ್ಣ ಅಲ್ಲೇ ಹೋದ. ಆಮೇಲೆ ಅವ್ವ ನಮ್ಮನ್ನು ನೀರಿನ ಹತ್ತಿರ ಬಿಡಲಿಲ್ಲ. ನಾನು ಇವತ್ತಿಗೂ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ.

ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಬಸ್ಸು, ಅಲ್ಲಿಂದ ಮುಂದೆ ಜೀಪು. ದಾರಿಯಲ್ಲಿ ಅಳಿಯ ಬೆಟ್ಟ ತೋರಿಸಿದ. ಬ್ರಹ್ಮಗಿರಿ ಸಾಲಿನಲ್ಲಿ ಬಿದ್ದ ಮಳೆಗೆ ಎರಡು ದಾರಿ. ಪೂರ್ವಕ್ಕೆ ಇಳಿದ ನೀರು ಇರ್ಪು ಜಲಪಾತದಲ್ಲಿ ಧುಮುಕಿ, ಲಕ್ಷ್ಮಣತೀರ್ಥವಾಗಿ ನಮ್ಮ ಹುಣಸೂರಿಗೆ ಬಂದು, ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಪಶ್ಚಿಮಕ್ಕೆ ಇಳಿದದ್ದು ಬರಪೊಳೆ. ಅದು ಕೇರಳದ ವಳಪಟ್ಟಣಂ ನದಿಗೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಲಕ್ಷ್ಮಣತೀರ್ಥಕ್ಕೆ ಬಯಲಿದೆ. ಬರಪೊಳೆ ಕಾಡಿನ ನಡುವೆ ಬಂಡೆಯಿಂದ ಬಂಡೆಗೆ ಹಾರಿಕೊಂಡು ಇಳಿಯುತ್ತದೆ. ಆದ್ದರಿಂದಲೇ ಮಳೆಗಾಲದಲ್ಲಿ ಅಲ್ಲಿ ರಾಫ್ಟಿಂಗ್, ಕಯಾಕಿಂಗ್.

ಕಯಾಕ್ ಎಂದರೆ ಒಬ್ಬನೇ ಕೂರುವ ಪ್ಲಾಸ್ಟಿಕ್ ದೋಣಿ. ಎಂಟೊಂಬತ್ತು ಅಡಿ ಉದ್ದ, ಸುಮಾರು 20 ಕೆ.ಜಿ. ತೂಕ. ನಮ್ಮ ಕಡೆಯ ಹರಿಗೋಲಿನ ಹಾಗೆ ದುಂಡಗಿಲ್ಲ. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಸೊಂಟದ ಸುತ್ತ ರಬ್ಬರಿನ ಹೊದಿಕೆ, ಅದರಿಂದ ನೀರು ಒಳಗೆ ಬರುವುದಿಲ್ಲ. ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್. ನೀರಿನ ಕಷ್ಟವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. 1 ಎಂದರೆ ಸಣ್ಣ ಅಲೆ, 6 ಎಂದರೆ ಜೀವದ ಆಸೆ ಬಿಡಬೇಕಾದ ನೀರು.

ಅವರು ಮೂವರಿದ್ದರು. ಮೊದಲು ದೋಣಿಯನ್ನು ನೀರಿಗೇ ಬಿಡಲಿಲ್ಲ. ದಡದಲ್ಲಿ ನಡೆದು, ಬಂಡೆ ಹತ್ತಿ, ನೀರು ಎಲ್ಲಿ ಸೀಳುತ್ತದೆ, ಎಲ್ಲಿ ತಿರುಗುತ್ತದೆ, ಮರ ಬಿದ್ದಿದೆಯೇ ಎಂದು ನೋಡಿದರು. ಒಂದು ಕಡೆ ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿತ್ತು. ನೀರು ಅದರ ಸಂದಿಯಲ್ಲಿ ನುಗ್ಗುತ್ತದೆ, ಮನುಷ್ಯ ನುಗ್ಗಲಾರ. ಅಷ್ಟು ದೂರ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆದರು. ನಾಚಿಕೆ ಆಗಲ್ವೇನೋ ಎಂದೆ. "ಮಾವ, ನೋಡ್ದೆ ನುಗ್ಗೋದು ಧೈರ್ಯ ಅಲ್ಲ" ಎಂದ.

ಒಬ್ಬ ಮುಂದೆ ಇಳಿದು, ದೊಡ್ಡ ಬಂಡೆಯ ಹಿಂದೆ ನಿಂತುಕೊಂಡ. ಎಷ್ಟೇ ರಭಸವಿದ್ದರೂ ಬಂಡೆಯ ಮರೆಯಲ್ಲಿ ನೀರು ಶಾಂತವಾಗಿ ಹಿಂದಕ್ಕೆ ತಿರುಗುತ್ತದೆ. ಅದನ್ನು ಎಡ್ಡಿ ಎನ್ನುತ್ತಾರೆ. ಮೊದಲು ದಾಟಿದವನು ಮನೆಗೆ ಹೋಗುವುದಿಲ್ಲ, ಅಲ್ಲಿ ಹಗ್ಗದ ಚೀಲ ಸಿದ್ಧ ಮಾಡಿಕೊಂಡು ಹಿಂದೆ ಬರುವವನಿಗೆ ಕಾಯುತ್ತಾನೆ.

ಅಳಿಯನ ಸರದಿ ಬಂದಾಗ ನೀರು ಅವನನ್ನು ನೇರ ಒಂದು ಬಂಡೆಗೆ ತಳ್ಳಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವನು ಬಂಡೆಯನ್ನು ಅಪ್ಪಿಕೊಂಡವನಂತೆ ಅದರ ಕಡೆಗೇ ವಾಲಿದ್ದ. ಮರುಕ್ಷಣ ಜಾರಿಕೊಂಡು ಹೊರಬಂದ. ಭಯಕ್ಕೆ ಬಂಡೆಯಿಂದ ಆಚೆ ವಾಲಿದರೆ ಮೇಲಿನಿಂದ ಬರುವ ನೀರು ದೋಣಿಯ ಅಂಚನ್ನು ಹಿಡಿದು ಮಗುಚುತ್ತದಂತೆ.

ಮೂರನೆಯವನು ಮಗುಚಿಯೇ ಬಿಟ್ಟ. ಸೊಂಟ ತಿರುಗಿಸಿ ಮೇಲೆದ್ದು ಬರುವ ವಿದ್ಯೆ ಅವರಿಗೆ ಗೊತ್ತು, ಆದರೆ ಆ ದಿನ ಆಗಲಿಲ್ಲ. ಹೊದಿಕೆಯ ಕುಣಿಕೆ ಎಳೆದು ಹೊರಬಂದ. ನಾನು ದಡದಿಂದ "ಎದ್ದು ನಿಂತ್ಕಳೋ, ನಿಂತ್ಕೊ" ಎಂದು ಕೂಗಿದೆ. ಅವನು ನಿಲ್ಲಲಿಲ್ಲ. ಕೈಕಾಲು ಬಡಿಯಲೂ ಇಲ್ಲ. ಅಂಗಾತ ಮಲಗಿ, ಕಾಲುಗಳನ್ನು ನೀರು ಹೋಗುವ ಕಡೆಗೆ ಮೇಲಕ್ಕೆತ್ತಿ, ಕೈಯಿಂದ ನಿಧಾನವಾಗಿ ದಿಕ್ಕು ಹಿಡಿದ. ಹಗ್ಗ ಬಂತು, ಹಿಡಿದ, ದಡಕ್ಕೆ ಬಂದ.

ಸಂಜೆ ಅಳಿಯ ವಿವರಿಸಿದ. "ಹರಿಯೋ ನೀರಲ್ಲಿ ನಿಲ್ಲಕ್ಕೋದ್ರೆ ಪಾದ ಕಲ್ಲು ಸಂದಿಗೆ ಸಿಕ್ಕಂತದೆ ಮಾವ. ಸೊಂಟದುದ್ದ ನೀರು ಸಾಕು, ಮುಂದಕ್ಕೆ ಬೀಳಿಸಿ ಮುಳುಗಿಸ್ತದೆ. ಸುಮ್ನೆ ಕೈಕಾಲು ಬಡುದ್ರೆ ಉಸ್ರು ಖಾಲಿ, ಕೊಚ್ಕಂಡೋಯ್ತದೆ."

ನನಗೆ ಮಾತೇ ಹೊರಡಲಿಲ್ಲ. ನಿಂತರೆ ಮುಳುಗು, ಹೆಣಗಿದರೆ ಕೊಚ್ಚಣೆ. ಸುತ್ತ ಓದದ ಹುಡುಗ ಸುತ್ತವನ್ನೇ ಹೇಳುತ್ತಿದ್ದ.

ಬಂಧುಗಳೇ, ಕಾಮ, ಭವ, ದಿಟ್ಠಿ, ಅವಿಜ್ಜಾ ಎಂದು ನಾಲ್ಕು ಓಘಗಳನ್ನು ನಾವು ಪಾಠ ಮಾಡಿದ್ದೇವೆ. ಆದರೆ ನಿಲ್ಲುವುದು, ಹೆಣಗುವುದು ನಮ್ಮ ಬದುಕಿನಲ್ಲಿ ಯಾವುದು? ನನ್ನದು ಹೇಳುತ್ತೇನೆ. ನಾನು ಇಷ್ಟು ವರ್ಷ ಆ ಕ್ವಾರಿ ಗುಂಡಿಯಲ್ಲೇ ನಿಂತಿದ್ದೆ. ಅಣ್ಣನ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ಬಂಡೆಯಿಂದ ಆಚೆ ವಾಲಿದವನು ನಾನು. ಇನ್ನು ಹೆಣಗುವುದು ಎಂದರೆ, ಬೆಳಗಿಂದ ರಾತ್ರಿವರೆಗೆ ಸಿಟ್ಟಿನ ಮೆಸೇಜು ಕಳಿಸಿ ದಣಿದು, ನಮ್ಮ ಕೇರಿಯ ಒಂದು ಮಗುವಿಗೂ ಏನನ್ನೂ ಕಲಿಸದೆ ಮಲಗುವುದು. ಎರಡೂ ಅಲ್ಲದ ಮೂರನೆಯದು ಸಮ್ಯಕ್ ವ್ಯಾಯಾಮ: ನೋಡಿ, ಅರಿತು, ಬೇಕಾದಷ್ಟೇ ಬಲ ಹಾಕುವುದು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ಅದು ನೀರಿನ ಹಕ್ಕು. ಅದಕ್ಕಾಗಿ 1937ರವರೆಗೆ ಕೋರ್ಟಿನಲ್ಲೂ ಹೋರಾಡಿ ಗೆದ್ದರು. ನೀರಿನ ವಿದ್ಯೆಯನ್ನು ಮಾತ್ರ ನಾವೇ ಕಲಿಯಬೇಕು. ಮುಟ್ಟಬೇಡ ಎಂದು ಅವರು ಅಂದದ್ದು, ಭಯವಾಗಿ ನಮ್ಮ ಮಕ್ಕಳ ಮೈಯಲ್ಲಿ ಉಳಿಯಬಾರದು. 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮವನ್ನು ಮೆಚ್ಚಲು ಕೊಟ್ಟ ಕಾರಣಗಳು ಪ್ರಜ್ಞೆ, ಕರುಣೆ, ಸಮತೆ. ದಡದಲ್ಲಿ ನಿಂತು ನೀರನ್ನು ಓದುವುದು ಪ್ರಜ್ಞೆ. ದಾಟಿದ ಮೇಲೂ ಹಗ್ಗ ಹಿಡಿದು ಕಾಯುವುದು ಕರುಣೆ. ಕಲ್ಯಾಣಿಯ ಮೆಟ್ಟಿಲು ಎಲ್ಲ ಮಕ್ಕಳಿಗೂ ಸಿಗುವುದು ಸಮತೆ.

ನಾನು ಅಳಿಯನನ್ನು ಕರೆದುಕೊಂಡು ಬರಲಿಲ್ಲ. "ಅವನು ನೀರು ಕಲ್ತವ್ನೆ ಕಣಕ್ಕ, ನಾವು ಕಲೀಲಿಲ್ಲ" ಎಂದೆ. ಅಕ್ಕ ಅತ್ತಳು. ಆಮೇಲೆ ಅಣ್ಣನ ಹೆಸರು ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಆ ರಾತ್ರಿ ಇಬ್ಬರೂ ಅವನ ವಿಷಯ ಮಾತಾಡಿದೆವು.

*ಇಂದಿನ ಅಭ್ಯಾಸ*
1. ನಾನು ನಿಂತುಬಿಟ್ಟಿರುವುದು ಎಲ್ಲಿ? ಸುಮ್ಮನೆ ಹೆಣಗುತ್ತಿರುವುದು ಎಲ್ಲಿ? ಹತ್ತು ನಿಮಿಷ ಆನಾಪಾನದ ನಂತರ ಯೋಚಿಸೋಣ.
2. ಮನೆಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಕಲಿಸುವವರಿರುವ ಈಜುಕೊಳದಲ್ಲಿ ಈಜು ಕಲಿಸೋಣ.
3. ಮಳೆಗಾಲದಲ್ಲಿ ಲಕ್ಷ್ಮಣತೀರ್ಥ, ಕಾವೇರಿ, ಕಪಿಲೆಗೆ, ಚುಂಚನಕಟ್ಟೆಯಂಥ ಕಡೆ ಯಾರೂ ಇಳಿಯುವುದು ಬೇಡ. ಕಾಲು ಜಾರಿ ಬಿದ್ದರೆ ಅಂಗಾತ ತೇಲಿ, ಕಾಲು ಮುಂದಿರಲಿ, ರಭಸದಲ್ಲಿ ನಿಲ್ಲಬೇಡಿ. ಬಿದ್ದವರನ್ನು ಕಂಡರೆ ಹಿಂದೆಯೇ ಹಾರದೆ ಹಗ್ಗ, ಸೀರೆ, ಉದ್ದದ ಕೋಲು ಏನಾದರೂ ಚಾಚಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.