ವಾರ್ಡು ಭರ್ತಿ, ಗಲ್ಲಾ ಖಾಲಿ

ನಮ್ಮ ನರ್ಸಿಂಗ್ ಹೋಮಿನಲ್ಲಿ ಕತ್ತರಿ ಹಿಡಿಯುವವರು ಯಜಮಾನರು, ಲೆಕ್ಕದ ಪುಸ್ತಕ ಹಿಡಿಯುವವಳು ನಾನು. ಹಾಗಾಗಿ ಇದನ್ನು ನಾನೇ ಬರೆಯಬೇಕು.

2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ, ಎಪಿಎಲ್‌ನವರಿಗೆ ಸರ್ಕಾರದ ಪ್ಯಾಕೇಜ್ ದರದಲ್ಲಿ ಶೇ 30ರಷ್ಟು ನೆರವು. ರೈತರಿಗೆ 2003ರಿಂದಲೇ ಯಶಸ್ವಿನಿ ಯೋಜನೆ ಇತ್ತು. ಖಾಸಗಿ ವಿಮಾ ಕಂಪನಿಗಳ ಕ್ಯಾಶ್‌ಲೆಸ್ಸೂ ಊರೂರಿಗೆ ಬಂತು. ಮುರಿದ ಕಾಲಿಗೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲೇ ಮಲಗುತ್ತಿದ್ದ ಅಜ್ಜಂದಿರು ಕಾರ್ಡು ಹಿಡಿದು ಬರತೊಡಗಿದರು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ತಕರಾರು ಬೆಂಗಳೂರಿನ ನನ್ನ ಮೈದುನನ ಮೇಲೆ. ಎಂಬಿಎ ಓದಿದವನು. "ಅತ್ತಿಗೆ, ವಾಲ್ಯೂಮ್ ಬರಲಿ, ರೇಟು ತಾನಾಗೇ ಹೊಂದಿಕೊಳ್ಳುತ್ತೆ" ಎಂದು ಎಲ್ಲ ಯೋಜನೆಗೂ ಸಹಿ ಹಾಕಿಸಿದ, ಸಾಲ ಮಾಡಿಸಿ ಸಿ-ಆರ್ಮ್ ಎಕ್ಸ್‌ರೇ ಯಂತ್ರ ತರಿಸಿದ. ಖಾಲಿ ಹಾಸಿಗೆಗೂ ನರ್ಸಿನ ಸಂಬಳ, ಕರೆಂಟ್ ಬಿಲ್ಲು ತಪ್ಪುವುದಿಲ್ಲ, ನಿಜ. ಆದರೆ ಒಬ್ಬೊಬ್ಬ ರೋಗಿಯ ಹಿಂದೆ ರಾಡು, ಸ್ಕ್ರೂ, ಔಷಧಿ, ಅರಿವಳಿಕೆ ವೈದ್ಯರ ಫೀಸೂ ಬರುತ್ತವಲ್ಲ? ಅವಕ್ಕೆ ಇಂದೇ ದುಡ್ಡು ಬೇಕು. ಪ್ಯಾಕೇಜಿನ ದುಡ್ಡಿಗೆ ಮಾತ್ರ ತಾರೀಕಿಲ್ಲ.

ಆ ಬೆಳಿಗ್ಗೆ ನೆನೆದರೆ ಈಗಲೂ ಬೆವರುತ್ತೇನೆ. ಸೊಂಟದ ಮೂಳೆ ಮುರಿದ ಅಜ್ಜ ಹಿಂದಿನ ರಾತ್ರಿಯಿಂದ ನೀರೂ ಮುಟ್ಟಿಲ್ಲ. ಅರಿವಳಿಕೆ ಡಾಕ್ಟರು ಜಿಲ್ಲಾ ಕೇಂದ್ರದಿಂದ ಬಂದು ಕೂತಿದ್ದಾರೆ. ಇಂಪ್ಲಾಂಟ್ ಅಂಗಡಿಯ ಹುಡುಗ ಪೆಟ್ಟಿಗೆ ಹಿಡಿದು ಗೇಟಿನಲ್ಲೇ ನಿಂತ, ಒಳಗೆ ಬರಲೊಲ್ಲ. ಅವನ ಧಣಿ ಫೋನಿನಲ್ಲಿ: "ಅಕ್ಕಾ, ಹಳೇ ಬಾಕೀಲಿ ಅರ್ಧನಾದ್ರೂ ಹಾಕಿ. ನಂಗೂ ಕಂಪನಿಯೋರು ಉದ್ರಿ ಕೊಡಲ್ಲ." ಕ್ಲೇಮ್ ಕಚೇರಿಗೆ ಫೋನ್ ಹಚ್ಚಿದೆ. ಅಲ್ಲಿನ ಅಧಿಕಾರಿ ಯಾವಾಗಿನದೇ ರಾಗ ಎಳೆದರು: "ಪ್ರೋಸೆಸ್‌ನಲ್ಲಿದೆ ಮೇಡಂ." ಯಜಮಾನರು ಥಿಯೇಟರ್ ಬಾಗಿಲಿಂದ ಇಣುಕಿ "ಬಂತೇನೇ?" ಎಂದರು. ಯಾರೋ ಹೇಳಿರಬೇಕು, ಅಜ್ಜನ ಮಗ ಕೌಂಟರಿಗೆ ಬಂದ. "ಅಮ್ಮಾ, ಹಸ ಮಾರಿದ್ ದುಡ್ಡೈತೆ, ಇಸ್ಕಳಿ." ಉಚಿತ ಚಿಕಿತ್ಸೆಯ ರೋಗಿಯಿಂದ ಒಂದು ರೂಪಾಯಿ ಮುಟ್ಟಿದರೂ ನಾವು ಕಳ್ಳರು, ಆಸ್ಪತ್ರೆಯ ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಮುಟ್ಟಲಿಲ್ಲ. ಸಂಬಳಕ್ಕೆಂದು ತೆಗೆದಿಟ್ಟಿದ್ದನ್ನು ಅಂಗಡಿಯವನಿಗೆ ಹಾಕಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಸಂಬಳ ತಡವಾಯಿತು, ಒಳ್ಳೆಯ ನರ್ಸೊಬ್ಬಳು ಬಿಟ್ಟುಹೋದಳು. ಕೊನೆಗೆ ಆ ಅಜ್ಜನ ಕ್ಲೇಮಿಗೆ ಬಂದದ್ದು ದುಡ್ಡಲ್ಲ, ಒಂದು ಕ್ವೆರಿ: ಇಂಪ್ಲಾಂಟ್ ಸ್ಟಿಕ್ಕರಿನ ಫೋಟೊ ಸ್ಪಷ್ಟವಾಗಿಲ್ಲ!

ಮೈದುನನ ಎಕ್ಸೆಲ್ ಹಾಳೆಯಲ್ಲಿ ಮಾತ್ರ ಅದು ನಮ್ಮ ಅತಿ ಹೆಚ್ಚು ಆದಾಯದ ತಿಂಗಳು.

ಟಿಡಿಎಸ್ ಕಥೆ ಬೇರೆ. ವಿಮೆಯ ಕ್ಲೇಮು ಪಾವತಿಸುವ ಮಧ್ಯವರ್ತಿ ಸಂಸ್ಥೆ (ಟಿಪಿಎ) ತೆರಿಗೆಯೆಂದು ಶೇ 10 ಮುರಿದುಕೊಂಡೇ ಕೊಡಬೇಕು. ಅದೂ ಲಾಭದ ಮೇಲಲ್ಲ, ಬಿಲ್ಲಿನ ಮೇಲೆ. ನಮ್ಮಂಥವರಿಗೆ ಅಷ್ಟು ಲಾಭವೇ ಉಳಿಯುವುದಿಲ್ಲ. ರೀಫಂಡ್ ಬರುತ್ತದೆ ಅನ್ನುತ್ತಾರೆ ಆಡಿಟರು. ಬರುತ್ತದೆ, ರಿಟರ್ನ್ಸ್ ಹಾಕಿದ ಮೇಲೆ. ಕಡಿಮೆ ಟಿಡಿಎಸ್‌ಗೆ ಪ್ರಮಾಣಪತ್ರ ಕೇಳಿ ಅರ್ಜಿ ಹಾಕಲು ಅವಕಾಶವಿದೆ, ಹಾಕಿ.

ಇನ್ನು ಸಲಹೆ ಎಂದರೆ ಇಷ್ಟೇ. ಯೋಜನೆಯ ರೋಗಿಗಳಿಗೆ ಎಷ್ಟು ಹಾಸಿಗೆ ಎಂದು ಸಹಿ ಹಾಕುವಾಗಲೇ ತೀರ್ಮಾನಿಸಿ. ಡಿಸ್ಚಾರ್ಜ್ ಆದ ದಿನವೇ ಎಕ್ಸ್‌ರೇ, ಸ್ಟಿಕ್ಕರ್, ಸಹಿ ಎಲ್ಲ ಅಪ್‌ಲೋಡ್ ಆಗಲಿ. ಅದಕ್ಕೇ ಒಬ್ಬರನ್ನು ಇಡಿ. ಬರಬೇಕಾದ ಬಾಕಿಯನ್ನು ಆದಾಯವೆಂದು ಯಾರಾದರೂ ತೋರಿಸಿದರೆ, ಅವರು ಮೈದುನನಾದರೂ ಸರಿ, ಬ್ಯಾಂಕ್ ಪಾಸ್‌ಬುಕ್ ತೆಗೆದು ಮುಂದಿಡಿ.

ಸಣ್ಣ ಊರಿನಲ್ಲಿ ಆಸ್ಪತ್ರೆ ನಡೆಸುವವರು ದಯವಿಟ್ಟು ಕೇಳಿ: ನಾಲ್ಕು ತಿಂಗಳ ಸಂಬಳ, ಔಷಧಿಯ ದುಡ್ಡು ಕೈಯಲ್ಲಿಲ್ಲದೆ ಹೊಸ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಬೇಡಿ.